ಬಾನೆಟ್ ಎತ್ತದೆ ಅಳಿಸಿದ ಕೋಡ್

ಹೋದ ವರ್ಷ ನಾನು ಪಾಂಡವಪುರದಲ್ಲಿ ಒಂದು ಟೈರ್ ಅಂಗಡಿಯ ಮೂಲೆಯಲ್ಲಿ ಕಾರು ಸ್ಕ್ಯಾನ್ ಮಾಡುವ ಕೆಲಸ ಶುರು ಮಾಡಿದ್ದೆ. ಕೋರ್ಸ್ ಓದಿದವನಲ್ಲ, ವಿಡಿಯೊ ನೋಡಿ, ಮಾವನ ಹಳೇ ಕಾರು ಬಿಚ್ಚಿ ಕಲಿತವನು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಬೆಂಕಿಪೊಟ್ಟಣದಷ್ಟು ಸ್ಕ್ಯಾನರ್ ಚುಚ್ಚಿದರೆ ಕಾರಿನ ಕಂಪ್ಯೂಟರ್ ತನ್ನ ತೊಂದರೆಯನ್ನು ಒಂದು ಕೋಡ್ ಮಾಡಿ ಮೊಬೈಲಿಗೆ ಕಳಿಸುತ್ತದೆ. ಬಾನೆಟ್ ಎತ್ತದೆ, ಕೈಗೆ ಗ್ರೀಸ್ ಅಂಟಿಸಿಕೊಳ್ಳದೆ ರೋಗ ಹೇಳುತ್ತೇನೆ ಅನ್ನುವುದೇ ನನ್ನ ಜಂಬ.

ಶೀಳನೆರೆ ಹತ್ತಿರದ ರೈತ ನಿಂಗರಾಜಣ್ಣ ಫೋನ್ ಮಾಡಿದ್ದು ಆಗಲೇ. ಮಗಳು ಸುಮಾ ಹೆರಿಗೆಗೆ ತವರಿಗೆ ಬಂದಿದ್ದಳು, ಒಂಬತ್ತು ತಿಂಗಳು. ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತ್ತು.

"ಯಾವೊತ್ತು ನೋವು ಬತ್ತದೋ ಗೊತ್ತಿಲ್ಲ ಕಣ್ಲಾ. ಗಾಡಿ ಕೈ ಕೊಡ್ಬಾರ್ದು, ಅಷ್ಟು ನೋಡ್ಬುಡು ಮಗ," ಅಂದರು.

ಹೋಗಿ ಸ್ಕ್ಯಾನ್ ಮಾಡಿದೆ. P0135. ಹೊಗೆ ಹೋಗುವ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ, ಅದನ್ನು ಬಿಸಿ ಮಾಡಲು ಒಳಗೊಂದು ಸಣ್ಣ ಹೀಟರ್. ಅದರ ಸರ್ಕ್ಯೂಟ್‌ನಲ್ಲಿ ದೋಷ ಎಂದರ್ಥ. ಗಾಡಿ ಓಡುತ್ತದೆ, ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಅಷ್ಟೇ ಎಂದು ಓದಿದ್ದೆ. ಹೊಸ ಸೆನ್ಸರ್ ತರಿಸೋಣ ಅಂದು ಕೋಡ್ ಅಳಿಸಿದೆ. ದೀಪ ಆರಿತು. ನಿಂಗರಾಜಣ್ಣನ ತಾಯಿ ಚಿಕ್ಕತಾಯಮ್ಮ ಜಗುಲಿ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

"ಇಷ್ಟೇಯಾ? ಮೂಗು ಮುಟ್ದೆ ನೆಗಡಿ ವಾಸಿ ಮಾಡ್ದಂಗಾಯ್ತು," ಅಂದರು. ನಾನು ಹೊಗಳಿಕೆ ಅಂದುಕೊಂಡೆ.

ನಾಲ್ಕು ದಿನಕ್ಕೆ ದೀಪ ಮತ್ತೆ ಹತ್ತಿತು. ಸೆನ್ಸರ್ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ನಾನು ಹೋದಾಗ ಸುಮಾಳನ್ನು ತಪಾಸಣೆಗೆ ಕೆ.ಆರ್. ಪೇಟೆಗೆ ಹೊರಡಿಸುತ್ತಿದ್ದರು. ಅದೇ ಕೋಡ್. ಮತ್ತೆ ಅಳಿಸಿ, "ಏನೂ ಆಗಕಿಲ್ಲ ಅಣ್ಣ, ಧೈರ್ಯವಾಗಿ ಓಗಿ," ಅಂದೆ. ಅಜ್ಜಿಯೂ ಹಿಂದಿನ ಸೀಟಿನಲ್ಲಿ ಕೂತರು.

ಊರ ಮುಂದಿನ ಹೋಟೆಲಿನಲ್ಲಿ ಇನ್ನೂ ಇಡ್ಲಿ ಮುಗಿಸಿರಲಿಲ್ಲ, ಫೋನ್ ಬಂತು.

"ಬಾನೆಟ್ ಸಂದೀಲಿ ಒಗೆ ಬತ್ತಾ ಅದೆ ಕಣ್ಲಾ. ಬಾ ಬೇಗ."

ನಿಂಗರಾಜಣ್ಣನ ದನಿಯಲ್ಲಿ ಬೈಗುಳವೇ ಇರಲಿಲ್ಲ. ತಟ್ಟೆ ಅಲ್ಲೇ ಬಿಟ್ಟು ಎದ್ದೆ.

ಬೈಕಿನಲ್ಲಿ ಹೋಗಿ ನೋಡಿದರೆ ಸುಮಾ ರಸ್ತೆ ಬದಿಯ ಮೋರಿ ಕಟ್ಟೆ ಮೇಲೆ ಹೊಟ್ಟೆ ಹಿಡಿದು ಕೂತಿದ್ದಳು. ಗದ್ದೆಯವರು ಓಡಿ ಬಂದು, ಬಾನೆಟ್ ಎತ್ತಿ, ಮಣ್ಣೆರಚಿ ಬೆಂಕಿ ಆರಿಸಿದ್ದರು. ಆ ಕಾರಿನ ಎಂಜಿನ್ ನಾನು ನೋಡಿದ್ದು ಅದೇ ಮೊದಲು. ಹೊಗೆ ಹೋಗುವ ಪೈಪಿನ ಮೇಲೆ ಕರಕಲಾದ ಹಳೇ ಸೀರೆ ಬಟ್ಟೆಯ ಗಂಟುಗಳು, ಒಳಗೆ ಹೊಗೆಸೊಪ್ಪು. ಗಂಟು ತುರುಕಿದ ರಭಸಕ್ಕೆ ಸೆನ್ಸರಿನ ವೈರು ಸರಿದು ಬಿಸಿ ಪೈಪಿಗೆ ತಾಗಿ, ಮೇಲಿನ ಪ್ಲಾಸ್ಟಿಕ್ ಕರಗಿತ್ತು. ಕೋಡ್ ಬಂದದ್ದು ಅದಕ್ಕೇ. ಅಲ್ಲಿಂದ ಪೆಟ್ರೋಲ್ ಪೈಪಿಗೆ ಒಂದು ಗೇಣು ದೂರ.

"ಉಲ್ಲಿನ ಮೆದೆ ಪಕ್ಕ ನಿಲ್ಸದಲ್ವಾ, ಇಲಿ ವೈರು ಕಡೀತವೆ ಅಂತ ನಾನೇ ಒಗೆಸೊಪ್ಪು ಮಡಗಿದ್ದೆ ಕಣಪ್ಪ," ಅಂದರು ಚಿಕ್ಕತಾಯಮ್ಮ. "ನೀನು ಬಂದು ಆ ಮಿಷಿನ್ನಲ್ಲಿ ಒಳಗೆಲ್ಲ ನೋಡ್ಕಂಡೋಗಿ ಏನೂ ಅನ್ನಲಿಲ್ವಲ್ಲ. ಸರಿಯಾಗೇ ಅದೆ ಅಂತ ಮೊನ್ನೆ ಇನ್ನೊಂದು ಗಂಟು ಸೇರಿಸ್ದೆ."

ನಿಂಗರಾಜಣ್ಣ ನನ್ನ ಕಡೆ ತಿರುಗಿದರು. "ಬಾನೆಟ್ ಎತ್ತಿದ್ದೇನ್ಲಾ ನೀನು?"

"ಇಲ್ಲಣ್ಣ."

ಅವರು ಸುಮಾಳನ್ನು ಆಟೊದಲ್ಲಿ ಕಳಿಸಿದರು.

ಆ ದಿನವೇ ವೈರು ಬದಲಿಸಿ, ಶಾಖ ತಡೆಯುವ ಕೊಳವೆ ತೊಡಿಸಿ, ಪೈಪಿನಿಂದ ದೂರ ಕಟ್ಟಿದೆ. ಕೋಡ್ ಮತ್ತೆ ಬರಲಿಲ್ಲ. ಸೆನ್ಸರ್ ಕೆಟ್ಟೇ ಇರಲಿಲ್ಲ. ವಾರದ ಮೇಲೆ ಸುಮಾಳಿಗೆ ನೋವು ಬಂದಾಗ ನಿಂಗರಾಜಣ್ಣ ನನ್ನನ್ನು ಕರೆಸಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು.

"ಒಗೆ ಬಂದ್ರೆ ಮೊದ್ಲು ನಿನ್ ಮೂಗಿಗೇ ಬರ್ಲಿ," ಅಂದರು. ಆಸ್ಪತ್ರೆ ತಲುಪುವ ತನಕ ನಾನು ಬಾನೆಟ್ ಸಂದಿಯನ್ನೇ ನೋಡುತ್ತಿದ್ದೆ. ಹೆಣ್ಣು ಮಗು, ಇಬ್ಬರೂ ಕ್ಷೇಮ.

ಈಗ ಸ್ಕ್ಯಾನರ್ ಚುಚ್ಚುವ ಮೊದಲು ಬಾನೆಟ್ ಎತ್ತುತ್ತೇನೆ, ಮನೆಯವರನ್ನೆಲ್ಲ ಕರೆದು ಒಳಗೆ ಏನಿಟ್ಟಿದ್ದೀರಿ ಎಂದು ಕೇಳುತ್ತೇನೆ. ಯಾವ ವೈರು ಸತ್ತಿದೆ ಎಂದು ಕೋಡ್ ಹೇಳೀತು, ಯಾಕೆ ಸತ್ತಿತು ಎಂದು ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ಪಾಠ ಇನ್ನೊಂದಿದೆ: ನಾವು ನೋಡದೆ ಬಿಟ್ಟದ್ದನ್ನೂ ನಾವು ನೋಡಿ ಒಪ್ಪಿದ್ದೇವೆ ಎಂದೇ ಜನ ತಿಳಿಯುತ್ತಾರೆ.