ಚಂದ್ರನ ಮೇಲೆ ಹಗೇವಿನ ದೀಪ

ಬಂತು ನೋಡಿ, ನನ್ನ ಮೊಮ್ಮಗಳು ವೀಣಾ ಬರೆದ ನಾಟಕ ಇವತ್ತು ರೇಡಿಯೋದಲ್ಲಿ ಬಂತು! ಬರೆದವಳು ಒಂಬತ್ತನೇ ತರಗತಿಯ ಹುಡುಗಿ. ಅದರಲ್ಲಿ ಕಳ್ಳರ ಕೈಗೆ ಸಿಕ್ಕ ಒತ್ತೆಯಾಳು ಬೇರೆ ಯಾರೂ ಅಲ್ಲ, ನಾನೇ. ಮೂರನೇ ಇಯತ್ತೆಗೇ ಪಾಟಿ ಕೆಳಗಿಟ್ಟು ಶಾಲೆ ಬಿಟ್ಟ ನನ್ನ ದನಿಯನ್ನು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ರೇಡಿಯೋ ಹಚ್ಚಿದವರೆಲ್ಲ ಕೇಳಿದರು. ಸಂಜೆ ಅದು ಬರುತ್ತದೆ ಎಂಬ ಸಂಭ್ರಮದಲ್ಲೇ ಬೆಳಗಿನಿಂದ ಎರಡು ಸಲ ಹಾಲು ಉಕ್ಕಿಸಿಬಿಟ್ಟಿದ್ದೆ. ಹಾಗಂತ ಆ ಹುಡುಗಿ ನನ್ನನ್ನು ಗೋಳು ಹೊಯ್ದುಕೊಂಡದ್ದನ್ನು ಮರೆತಿದ್ದೇನೆ ಅಂದುಕೊಳ್ಳಬೇಡಿ. ಮಧ್ಯಾಹ್ನ ಟೇಪ್ ರೆಕಾರ್ಡರ್ ಒರೆಸುವಾಗ ಅದರ ಸಂದಿಯಿಂದ ಒಂದು ಮಂಡಕ್ಕಿ ಉದುರಿತು. ಅದು ಚಂದ್ರನ ನೆಲ. ತಾಳಿ, ಹೇಳುತ್ತೇನೆ.

ನಾಟಕದ ಕಥೆ ಇಷ್ಟು. ಮುಂದೆ ಯಾವುದೋ ಕಾಲಕ್ಕೆ ಜನ ಚಂದ್ರನ ಮೇಲೆ ಊರು ಕಟ್ಟಿಕೊಂಡಿರುತ್ತಾರೆ. ಭೂಮಿಯಿಂದ ಒಯ್ದ ಬಿತ್ತನೆ ಬೀಜವನ್ನೆಲ್ಲ ನೆಲದಡಿಯ ಕಬ್ಬಿಣದ ಕೋಣೆಯಲ್ಲಿ ಮುಚ್ಚಿಟ್ಟಿರುತ್ತಾರೆ. ಅದನ್ನು ದೋಚಲು ಹಾರುವ ಬಂಡಿಯಲ್ಲಿ ಕಳ್ಳರು ಬಂದು, ಕಾವಲಿಗಿದ್ದ ಹೆಂಗಸನ್ನು ಒತ್ತೆ ಇಟ್ಟುಕೊಳ್ಳುತ್ತಾರೆ. ಶಾಲೆಯ ಮಕ್ಕಳು ನಾಟಕ ಬರೆದು ಮನೆಯಲ್ಲೇ ಕ್ಯಾಸೆಟ್ ಮಾಡಿ ಕಳಿಸಲಿ ಎಂದು ರೇಡಿಯೋದವರು ಹೇಳಿದ್ದರಂತೆ. ಇವಳು ಕಳಿಸಿದಳು, ಅದು ವಾಪಸ್ ಬಂತು. ಜೊತೆಗೊಂದು ಚೀಟಿ: 'ಒತ್ತೆಯಾಳು ಅಳುವುದೊಂದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ತಿದ್ದಿ ಕಳಿಸಬಹುದು.'

ತಿದ್ದುವುದು ಎಲ್ಲಿ ಬಂತು! ನೋಟ್‌ಬುಕ್ಕನ್ನು ಅಟ್ಟದ ಮೇಲೆ ಎಸೆದು, "ಇನ್ನ ಜೀವ ಹೋದ್ರೂ ಬರಿಯಂಗಿಲ್ಲ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ನಡೆಯಲು ಕಲಿಯುವ ಮೊದಲೇ ಕಥೆ ಹೇಳಿದ ಕೂಸು. ಬರೆಯುವುದನ್ನು ನಿಜವಾಗಿಯೂ ಬಿಟ್ಟುಬಿಟ್ಟರೆ ಏನು ಗತಿ ಎಂದು ನನಗೆ ಒಳಗೊಳಗೇ ಹೆದರಿಕೆ. ಮೂರನೆಯ ದಿನ ನನ್ನ ತಾಳ್ಮೆ ಹರಿಯಿತು.

"ಏಳಲೇ! ಅವರು ಬರ್ದದ್ದು ಖರೇ ಐತಿ. ನಿನ್ನ ಹೆಣ್ಣಮಗಳಿಗೆ ಬುದ್ಧಿ ಅನ್ನೋದ ಇಲ್ಲೇನು? ಕಳ್ಳರು ಬಂದ್ರ ಅಯ್ಯೋ ಅಂತ ಕುಂತ್ಕಂತಾಳ?"

"ಕೈ ಕಟ್ಯಾರ ಅಜ್ಜಿ. ಏನ್ ಮಾಡ್ಬೇಕು?"

"ಕೈ ಕಟ್ಟಿದ್ರ ಬಾಯಿ ಐತಲ್ಲ!"

ಆಗ ಅವಳಿಗೆ ಹಗೇವಿನ ವಿಷಯ ಹೇಳಿದೆ. ಈಗಿನವರಿಗೆ ಗೊತ್ತಿಲ್ಲ. ಹಗೇವು ಅಂದರೆ ನೆಲದಲ್ಲಿ ತೋಡಿದ ಕಣಜ. ಜೋಳ ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಒಳಗೆ ಇಳಿಯುವಂತಿಲ್ಲ, ಕೆಟ್ಟ ಗಾಳಿ ಆಳನ್ನು ಕೊಂದೇಬಿಡುತ್ತದೆ. ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಕಾಯಬೇಕು.

"ಹಿಂದಕ್ಕ ಒಬ್ಬಾಕಿ ಇದ್ಲು," ಎಂದೆ. "ಮನ್ಯಾಗ ಒಬ್ಬಾಕಿನ ಇದ್ದಾಗ ಒಬ್ಬಾತ ಚೀಲ ಹಿಡ್ಕಂಡು ಬಂದ, ಹಗೇವಿನಾಗಿನ ಬೀಜದ ಜೋಳ ಕದಿಯಾಕ. ಒದರಿದ್ರ ನೋಡು ಅಂದ. ಆಕಿ ಒದರಲಿಲ್ಲ. ದೀಪ ಇಳಿಸಿ ನೋಡ್ರಿ ಅಂದ್ಲು, ತಾನ ದೀಪ ತಂದುಕೊಟ್ಲು. ಹಣತಿ ತುಂಬ ನೀರು, ಮ್ಯಾಲೆ ಒಂದ ಹನಿ ಎಣ್ಣಿ. ತಳ ಮುಟ್ಟೂದ್ರಾಗ ದೀಪ ಆರ್ತಿತ್ತು. ಹಿಂಗ ಮೂರು ಸಲ. ಅಷ್ಟ್ರಾಗ ಮನಿಯವರು ಹೊಲದಿಂದ ಬಂದ್ರು."

ವೀಣಾ ಎದ್ದು ಕುಳಿತಳು. "ಯಾರಾಕಿ ಅಜ್ಜಿ?"

"ಯಾರೋ ಒಬ್ಬಾಕಿ. ಮೊದಲು ಉಣ್ಣು."

ಉಂಡಳು. ಅಟ್ಟ ಹತ್ತಿ ನೋಟ್‌ಬುಕ್ ಇಳಿಸಿಕೊಂಡಳು. ಅಲ್ಲಿಂದ ಶುರುವಾಯಿತು ನನ್ನ ಕರ್ಮ. ಎಣ್ಣೆ ದೀಪ ಬೇಡ, ಗಾಳಿ ಅಳೆಯುವ ಯಂತ್ರ ಇರಲಿ ಅಂತ ಇವಳು. ದೀಪವೇ ಆಗಬೇಕು ಅಂತ ನಾನು.

"ಚಂದ್ರನ ಮ್ಯಾಲೆ ಎಣ್ಣಿ ದೀಪ ಎಲ್ಲಿಂದ ಬರ್ತೈತಿ ಅಜ್ಜಿ?"

"ಅಷ್ಟು ದೂರ ಕಳ್ಳರು ಬಂದಾರ, ಒಂದ ದೀಪ ಬರಂಗಿಲ್ಲೇನು?"

ದೀಪ ಗೆದ್ದಿತು. ಆದರೆ ಅದಕ್ಕೆ ದಂಡವೂ ತೆತ್ತೆ. ಒತ್ತೆಯಾಳಿನ ಮಾತು ನನ್ನ ಬಾಯಲ್ಲೇ ಬರಬೇಕಂತೆ! ಹಾರುವ ಬಂಡಿಯ ಸದ್ದಿಗೆ ನನ್ನ ಪಂಪ್ ಸ್ಟವ್ ಹೊತ್ತಿಸಿದಳು. ಒಂದು ವಾರ ಅಡುಗೆ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಕಳ್ಳರು ಚಂದ್ರನ ಮೇಲೆ ನಡೆಯುವ ಸದ್ದಿಗೆ ತಟ್ಟೆಯಲ್ಲಿ ಮಂಡಕ್ಕಿ ಹರಡಿ ಅಂಗೈಯಿಂದ ಒತ್ತಬೇಕು. ಕಳ್ಳರ ನಾಯಕ ಅವಳಪ್ಪ, ಅಂದರೆ ನನ್ನ ಮಗ. ಅವನೋ ತನ್ನ ಸರದಿ ಬರುವಷ್ಟರಲ್ಲಿ ಚಂದ್ರನ ನೆಲವನ್ನೆಲ್ಲ ತಿಂದು ಮುಗಿಸಿರುತ್ತಿದ್ದ. "ಲೇ ಮುದುಕಿ, ಬಾಯಿ ಮುಚ್ಚು!" ಎಂದು ಗದರಿಸಬೇಕಾದವನು ಪ್ರತಿ ಸಲವೂ "ಸುಮ್ನಿರಬೇ ಯವ್ವಾ" ಎಂದು ಬೇಡಿಕೊಳ್ಳುತ್ತಿದ್ದ. ಹನ್ನೊಂದು ಸಲ ತಿದ್ದಿಸಿದ ವೀಣಾ ಹನ್ನೆರಡನೆಯ ಸಲಕ್ಕೆ ಹಣೆ ಬಡಿದುಕೊಂಡು ಹಾಗೇ ಬಿಟ್ಟಳು. ನಾನೂ ಕಡಿಮೆಯಲ್ಲ. ಕಳ್ಳರು ಬಾಗಿಲು ಮುರಿದು ಒಳಗೆ ಬಂದ ಕೂಡಲೇ, ಬರೆದದ್ದನ್ನು ಮರೆತು, "ಬರ್ರಿ, ಊಟ ಆತೇನು?" ಎಂದುಬಿಟ್ಟೆ. ಅದೂ ಉಳಿಯಿತು. ಈ ಸಲ ಕ್ಯಾಸೆಟ್ ವಾಪಸ್ ಬರಲಿಲ್ಲ. ಇಂಥ ದಿನ ಇಷ್ಟು ಹೊತ್ತಿಗೆ ಬರುತ್ತದೆ ಎಂಬ ಕಾಗದ ಬಂತು.

ಇವತ್ತು ಸಂಜೆ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು, ರೇಡಿಯೋ ನಡುವೆ. ನಮ್ಮ ಮಾವನವರ ತಮ್ಮ, ಸಣ್ಣಮಾವ, ಕಣ್ಣು ತೋರಿಸಲು ಇಟ್ಟಿಗಿಯಿಂದ ನಮ್ಮೂರು ಕೊಟ್ಟೂರಿಗೆ ಬಂದಿದ್ದರು, ಅವರೂ ಕುಳಿತಿದ್ದರು. ಅವರ ತಟ್ಟೆಗೆ ರೊಟ್ಟಿ ಹಾಕುವಾಗ ನೆನಪಾಯಿತು. ಇಷ್ಟು ದಿನ ನನಗಿದು ಹೊಳೆಯಲೇ ಇಲ್ಲವಲ್ಲ! ಹೊಸಹಳ್ಳಿ ಕಡೆಯ ನಮ್ಮ ಹಳೆ ಮನೆಯಲ್ಲಿ, ನಾನು ಮದುವೆಯಾಗಿ ಬಂದ ವರ್ಷ, ಚೀಲ ಹಿಡಿದು ಬಂದವರು ಇವರೇ. ಹೊಸದಾಗಿ ಬೇರೆಯಾಗಿದ್ದರು, ಅಣ್ಣನನ್ನು ಕೇಳಲು ಬಿಂಕ. ಹೊಲದಿಂದ ಬಂದ ಮಾವನವರು ತಮ್ಮನ ಕೈಯಲ್ಲಿದ್ದ ಚೀಲ ನೋಡಿದರು. ನಾನು ಒಳಗೆ ಹೋಗಿ ಎಣ್ಣೆ ತುಂಬಿಸಿಕೊಟ್ಟ ದೀಪವನ್ನು ತಾವೇ ಇಳಿಸಿದರು. ಅದು ಉರಿಯಿತು. ಆ ಚೀಲದ ತುಂಬ ಜೋಳ ತುಂಬಿ ಕೊಟ್ಟು ಕಳಿಸಿದರು.

ನಾಟಕದಲ್ಲಿ ಮೂರನೆಯ ದೀಪ ಆರಿತು. ಸಣ್ಣಮಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಸೊಸಿ," ಅಂದರು ಮೆಲ್ಲಗೆ. "ಅವತ್ತ ಹಣತ್ಯಾಗ ನೀರಿತ್ತೇನವ್ವ?"

ನಾನು ರೊಟ್ಟಿ ಬುಟ್ಟಿಯೊಳಗೆ ಮುಖವಿಟ್ಟೆ. "ಇತ್ರಿ, ಸಣ್ಣಮಾವ."

"ನನ್ನ ಕೈಯಾಗ ಆರಿದ ದೀಪ ಅಣ್ಣನ ಕೈಯಾಗ ಉರೀತು. ಹಗೇವಿಗೆ ಕಳ್ಳ ಯಾರು ಅಂತ ಗೊತ್ತಾಗೇತಿ ಅಂತ ತಿಳಕಂಡೆ. ನಲವತ್ತು ವರ್ಷ, ವರ್ಷಕ್ಕೊಂದು ಕಾಯಿ ತಂದು ಒಡಿಸೀನಲ್ಲವ್ವ ಆ ಹಗೇವಿಗೆ!"

"ಗೊತ್ರಿ. ಅಷ್ಟೂ ಕಾಯಿ ಚಟ್ನಿ ಮಾಡಿ ನಿಮಗ ಬಡಿಸೀನಿ."

ಸಣ್ಣಮಾವ ನಕ್ಕರು. ಬೋಳು ಬಾಯಿ ತುಂಬ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾಟಕದ ಕೊನೆ ಯಾರಿಗೂ ಕೇಳಿಸಲಿಲ್ಲ. ವೀಣಾ ಮಾತ್ರ ನಗಲಿಲ್ಲ. ನನ್ನನ್ನೇ ದಿಟ್ಟಿಸಿ, "ಆ ಒಬ್ಬಾಕಿ ನೀನ?" ಎಂದವಳೇ ಎಂಜಲು ಕೈಯಲ್ಲೇ ನೋಟ್‌ಬುಕ್ಕಿಗೆ ಎದ್ದಳು.

"ಕುಂದ್ರಲೇ! ಉಣ್ಣೂದ್ರಾಗ ಏಳ್ತಾರೇನು? ಬರಿಯೂದು ಎಲ್ಲಿಗೂ ಓಡಿ ಹೋಗಂಗಿಲ್ಲ."

ಕುಳಿತಳು. ಸಣ್ಣಮಾವ ತಟ್ಟೆ ಮುಂದೆ ಸರಿಸಿದರು. "ಇನ್ನೊಂದ ರೊಟ್ಟಿ ಹಾಕವ್ವ. ಚಟ್ನಿನೂ."