ಸೀಲು ಮಾವ ಓದಿದ ಬಟ್ಟೆ

ನನಗೆ ಕೈ ಮುಂದೆ, ಬುದ್ಧಿ ಹಿಂದೆ. ಈ ಮಾತನ್ನು ನನ್ನ ಹೆಂಡತಿ ದಿನಕ್ಕೆರಡು ಸಲ ಹೇಳುತ್ತಾಳೆ. ನಾನು ಒಪ್ಪಿಕೊಂಡದ್ದು ಜೀವನದಲ್ಲಿ ಒಂದೇ ಸಲ, ಸೀಲು ಮಾವನ ಎದುರು ತಲೆತಗ್ಗಿಸಿ ನಿಂತ ದಿನ.

ಸೀಲು ಮಾವ ನನಗೆ ರಕ್ತಸಂಬಂಧಿಯೇನಲ್ಲ. ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಗೋಡೆಗೆ ಗೋಡೆ ತಾಗಿ ಅವರದು ರಬ್ಬರ್ ಸೀಲು ಮಾಡುವ ಅಂಗಡಿ. ಅಂಗಡಿ ಎಂದರೆ ದೊಡ್ಡ ಮಾತಾಯಿತು. ಒಬ್ಬ ಮನುಷ್ಯ ಒಳಗೆ ಕೂತರೆ ಅವನ ನೆರಳು ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ಒಂದು ಮೇಜು, ಕತ್ತು ಬಗ್ಗುವ ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ನಾಲ್ಕಾರು ಚೂಪು ಚಾಕು, ಸಾಲಾಗಿ ನಿಂತ ಮರದ ಹಿಡಿಗಳು. ಈಗೆಲ್ಲ ಸೀಲನ್ನು ಯಂತ್ರವೇ ಐದು ನಿಮಿಷದಲ್ಲಿ ಮಾಡಿ ಬಿಸಾಕುತ್ತದೆ. ಮಾವ ಮಾತ್ರ ಕೈಯಲ್ಲೇ ಕೊರೆಯುತ್ತಿದ್ದರು. ಸೀಲಿನ ಮೇಲೆ ಅಕ್ಷರ ತಿರುಗಿರಬೇಕಲ್ಲ, ನಲವತ್ತೆರಡು ವರ್ಷ ಹಾಗೇ ಕೊರೆದು ಅವರಿಗೆ ನೇರ ಅಕ್ಷರಕ್ಕಿಂತ ತಿರುಗಿದ ಅಕ್ಷರವೇ ಸಲೀಸಾಗಿತ್ತು. ನಾನು ಪೇಪರ್ ಓದುತ್ತಿದ್ದರೆ ಎದುರು ಕೂತು, ಬೆಳಕಿಗೆ ಹಿಂದಿನಿಂದ ಕಾಣುವ ಸುದ್ದಿಯನ್ನು ನನಗಿಂತ ಮುಂಚೆ ಓದಿ ಮುಗಿಸುತ್ತಿದ್ದರು.

ಇನ್ನೊಂದು ಮಾತು ಹೇಳಲೇಬೇಕು. ಅವರು ಸುಳ್ಳು ಸೀಲು ಕೊರೆದವರಲ್ಲ. ಇಲ್ಲದ ಕಚೇರಿಯ ಸೀಲು ಬೇಕೆಂದು ಬಂದವರು, ಸತ್ತ ಡಾಕ್ಟರ ಸೀಲು ಬೇಕೆಂದು ಬಂದವರು, ಆಸೆ ತೋರಿಸಿದವರು, ಹೆದರಿಸಿದವರು, ಎಲ್ಲರೂ ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂತಿರುಗಿದ್ದನ್ನು ನಾನೇ ನೋಡಿದ್ದೇನೆ.

ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತೇನೆ. ಬಲು ಬಾಯಿ ಜೋರಿನ ಹೆಂಗಸು. ಒಂಬತ್ತು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವರ ದನಿ ಪೂರ್ತಿ ಹೋಯಿತು. ಆಮೇಲೆ ಮನೆಗೊಂದು ಲ್ಯಾಪ್‌ಟಾಪ್ ಬಂತು. ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಂ ಅದರಲ್ಲಿತ್ತು. ಹೆಣ್ಣು ದನಿ, ಸ್ವಲ್ಪ ಮೂಗಿನಿಂದ ಬಂದ ಹಾಗೆ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಬೈಯುತ್ತಿದ್ದರು, ನಗಿಸುತ್ತಿದ್ದರು, ನನ್ನ ಅಂಗಡಿಯ ಧೂಳಿನ ಬಗ್ಗೆ ಉಪನ್ಯಾಸ ಕೊಡುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ಸಂಜೆ ನಾಲ್ಕಕ್ಕೆ ಬೇರೆ ಊರಿನಲ್ಲಿದ್ದ ತಮ್ಮ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಅಕ್ಕನಿಗೆ ಎಂಬತ್ತೊಂದು, ಕಣ್ಣು ಕಾಣದು. ಒಬ್ಬರಿಗೆ ದನಿಯಿಲ್ಲ, ಇನ್ನೊಬ್ಬರಿಗೆ ನೋಟವಿಲ್ಲ. ಇಬ್ಬರ ನಡುವೆ ಉಳಿದಿದ್ದು ಆ ಮೂಗಿನ ದನಿಯೊಂದೇ. ಅದನ್ನು ತಂಗಿಯದೆಂದು ಒಪ್ಪಿಕೊಳ್ಳಲು ಅಕ್ಕನಿಗೆ ಒಂದು ವರ್ಷ ಹಿಡಿದಿತ್ತಂತೆ.

ಒಂದು ಸೋಮವಾರ ಆ ಲ್ಯಾಪ್‌ಟಾಪ್ ಕಟಕಟ ಎಂದು ನಿಂತುಹೋಯಿತು. ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಹೊಸದನ್ನು ಹಾಕಿದೆ, ಅದು ಹತ್ತು ನಿಮಿಷದ ಕೆಲಸ. ದನಿಯ ಪ್ರೋಗ್ರಾಮಿನ ಸಿ.ಡಿ.ಯನ್ನು ಮಾವ ಜೋಪಾನವಾಗಿ ಇಟ್ಟಿದ್ದರು. ಆದರೆ ಅದು ಓಡುವುದು ಲ್ಯಾಪ್‌ಟಾಪಿನಲ್ಲಿ ಮೊದಲಿದ್ದ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಮೇಲೆ ಮಾತ್ರ. ಹೊಸತರ ಮೇಲೆ ಹಾಕಿದರೆ ಉಸಿರೇ ಎತ್ತುವುದಿಲ್ಲ. ಹಳೆಯದು ಆಗಲೇ ಎಲ್ಲೂ ಮಾರಾಟಕ್ಕಿರಲಿಲ್ಲ. ಅದನ್ನು ತುಂಬುವ ಡಿಸ್ಕ್ ನನ್ನ ಹತ್ತಿರ ಇತ್ತು, ಆದರೆ ತುಂಬುವಾಗ ಅರ್ಧದಲ್ಲಿ ನಿಂತು ಲೈಸೆನ್ಸ್ ಕೀ ಕೇಳುತ್ತದೆ. ಐದೈದರ ಐದು ಗುಂಪು, ಒಟ್ಟು ಇಪ್ಪತ್ತೈದು ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ಅದು ಬರೆದಿರುವುದು ಲ್ಯಾಪ್‌ಟಾಪಿನ ತಳದ ಸ್ಟಿಕ್ಕರಿನ ಮೇಲೆ.

ತಳ ಇದ್ದದ್ದು ಅತ್ತೆಯ ತೊಡೆಯ ಮೇಲೆ. ಎಂಟು ವರ್ಷ ಸೀರೆಗೆ ಉಜ್ಜಿ ಉಜ್ಜಿ ಅಕ್ಷರಗಳು ಸವೆದಿದ್ದವು. ಅವರು ಮಾತಾಡಿದಷ್ಟೂ ಸ್ಟಿಕ್ಕರ್ ಅಳಿಸುತ್ತಾ ಹೋಗಿತ್ತು. ಅಳಿದುಳಿದದ್ದರ ಮೇಲೆ ಅಂಟುಕೊಳೆ. ಕೊಳೆ ಮೆತ್ತಗಾದರೆ ಓದಬಹುದೆಂದು ನಾನು ಒಂದು ಬಿಳಿ ಬಟ್ಟೆಯನ್ನು ಸ್ಪಿರಿಟಿನಲ್ಲಿ ಅದ್ದಿ ಸ್ಟಿಕ್ಕರಿನ ಮೇಲೆ ಹಾಸಿ, ಭಾರಕ್ಕೆ ಸ್ಕ್ರೂಡ್ರೈವರ್ ಡಬ್ಬಿ ಇಟ್ಟೆ. ಅಷ್ಟರಲ್ಲಿ ಯಾವನೋ ಗಿರಾಕಿಯ ಫೋನು. ಮಾತು ಮುಗಿಸಿ ಬಂದು ಬಟ್ಟೆ ಎತ್ತಿದರೆ, ಕೊಳೆಯ ಜೊತೆಗೆ ಅಕ್ಷರಗಳೂ ಎದ್ದುಹೋಗಿದ್ದವು. ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ನನಗೆ ಬರೀ ಬೆವರು ಬಂತು.

ಎರಡು ದಿನ ಪಾರ್ಟು ಬರಬೇಕು, ಗೀರ್ಟು ಬರಬೇಕು ಎಂದು ನೆಪ ಹೇಳಿ ತಳ್ಳಿದೆ. ಬುಧವಾರ ಬೆಳಗ್ಗೆ ಹತ್ತಕ್ಕೆ ಮಾವ ಬಂದು ನಿಂತರು. ಮುಖ ಬಾಡಿತ್ತು. ಸೋಮವಾರ ನಾಲ್ಕು ಗಂಟೆಗೆ ಫೋನು ಬಾರದ್ದರಿಂದ ಅಕ್ಕ ತಾವೇ ಫೋನು ಮಾಡಿದ್ದರಂತೆ. ಯಂತ್ರ ಕೆಟ್ಟಿದೆ ಎಂದು ಮಾವ ಹೇಳಿದ್ದನ್ನು ನಂಬಲಿಲ್ಲವಂತೆ. ತಂಗಿ ತೀರಿಹೋಗಿದ್ದಾಳೆ, ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಅತ್ತೆ ಫೋನಿನ ಮೇಲೆ ಬೆರಳಿನಿಂದ ತಟ್ಟಿ ತಟ್ಟಿ ತಾನಿದ್ದೇನೆ ಎಂದು ತಿಳಿಸಲು ನೋಡಿದರು. ತಟ್ಟೋದು ಯಾರು ಬೇಕಾದರೂ ತಟ್ಟಬಹುದು ಎಂದು ಅಕ್ಕ ಫೋನಿಟ್ಟರು. ಅವತ್ತಿನಿಂದ ಅವರು ಊಟ ಮುಟ್ಟಿಲ್ಲ ಎಂದು ಅವರ ಸೊಸೆ ತಿಳಿಸಿದ್ದಳು.

ಆಗ ನಾನು ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಒಪ್ಪಿಕೊಂಡ ಉಸಿರಿನಲ್ಲೇ ಪರಿಹಾರವನ್ನೂ ಹೇಳಿದೆ: ನನ್ನ ಹತ್ತಿರ ಒಂದು ಕಳ್ಳ ಕೀ ಇದೆ, ಹಾಕಿದರೆ ಮಧ್ಯಾಹ್ನದೊಳಗೆ ಅತ್ತೆ ಮಾತಾಡುತ್ತಾರೆ, ಊರೆಲ್ಲ ಹಾಕಿಸಿಕೊಳ್ಳುವುದು ಅದನ್ನೇ.

ಮಾವ ಸ್ಟಿಕ್ಕರಿನ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಹೇಳಿದರು, "ಯಾರ್ಯಾರ ಕಾಗದಕ್ಕೋ ನಾನು ಸುಳ್ಳು ಸೀಲು ಕೊರೆದಿಲ್ಲ ಕಣಪ್ಪ. ಇವಳ ಮಾತಿಗೆ ಕೊರೀಲಾ?"

ಅವರೇ ಮುಂದುವರಿಸಿದರು, "ಆದ್ರೆ ಅಲ್ಲಿ ಆ ಜೀವ ಉಪವಾಸ ಕೂತಿದೆ. ನಾಲ್ಕು ಗಂಟೆವರೆಗೆ ನೋಡೋಣ. ಆಗ್ಲಿಲ್ಲ ಅಂದ್ರೆ ನಿನ್ನ ಕೀನೇ ಹಾಕು. ನಾನು ಮನೇಲಿರ್ತೀನಿ, ನನ್ನ ಕಣ್ಣೆದುರಿಗೆ ಹಾಕ್ಬೇಡ."

ಇಷ್ಟು ಹೇಳಿ ಹೊರಟವರು ಬಾಗಿಲಲ್ಲಿ ನಿಂತರು. ತಿರುಗಿ, ಏನೋ ಹೊಳೆದವರಂತೆ ಕೇಳಿದರು.

"ಸ್ಪಿರಿಟ್ ಬಟ್ಟೇಲಿ ಒರೆಸಿದ್ಯಾ, ಒತ್ತಿದ್ಯಾ?"

ಒತ್ತಿದೆ ಎಂದೆ. ಬಟ್ಟೆ ಎಲ್ಲಿ ಎಂದರು. ನನ್ನ ಅಂಗಡಿಯಲ್ಲಿ ಏನನ್ನೂ ಎಸೆಯುವ ಪದ್ಧತಿಯಿಲ್ಲ. ಅದಕ್ಕೆ ಕಾರಣ ಮಿತವ್ಯಯವಲ್ಲ, ಸೋಮಾರಿತನ. ಬಟ್ಟೆ ಶಟರಿನ ಹಿಂದಿನ ಮೊಳೆಯಲ್ಲಿ ಒಣಗುತ್ತಿತ್ತು. ಅದರ ಮೇಲೆ ಹೆಬ್ಬೆರಳಿನಷ್ಟು ಅಗಲದ ಕಪ್ಪು ಕಲೆ. ಮಾವ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ತಮ್ಮ ಅಂಗಡಿಗೆ ನಡೆದರು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹಿಂದೆ ಹೋದೆ.

ಬಟ್ಟೆಯನ್ನು ಹಲಗೆಗೆ ಪಿನ್ನಿನಿಂದ ಬಿಗಿದರು. ದೀಪವನ್ನು ಪಕ್ಕಕ್ಕೆ ಬಗ್ಗಿಸಿದರು. ಪಕ್ಕದಲ್ಲೇ ಲ್ಯಾಪ್‌ಟಾಪನ್ನು ಮಗುಚಿಟ್ಟು, ಸ್ಟಿಕ್ಕರಿನಲ್ಲಿ ಉಳಿದದ್ದನ್ನೂ ಬಟ್ಟೆಗೆ ಹೋದದ್ದನ್ನೂ ಒಂದೊಂದಾಗಿ ಹೋಲಿಸತೊಡಗಿದರು. ನಾನೂ ಏನು ಕಡಿಮೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದು, ತಿರುಗಿಸಿ, ದೊಡ್ಡದು ಮಾಡಿದೆ. ಕಲೆ ದೊಡ್ಡ ಕಲೆಯಾಯಿತು, ಅಷ್ಟೇ. ಒಂದು ಅಕ್ಷರವೂ ಕಾಣುತ್ತಿಲ್ಲ ಎಂದೆ.

"ಅಕ್ಷರ ನೋಡ್ಬೇಡ. ಅದರ ಹೊಟ್ಟೆಯೊಳಗಿನ ಬಿಳಿ ನೋಡು," ಎಂದರು ತಲೆ ಎತ್ತದೆ. "ಇಷ್ಟು ವರ್ಷ ನಾನು ಅಕ್ಷರ ಕೊರೆದೇ ಇಲ್ಲ. ಅಕ್ಷರ ಅಲ್ಲದ್ದನ್ನ ತೆಗೆದುಹಾಕಿದೀನಿ."

ಬಟ್ಟೆಗೆ ಅಂಟಿದ ಅಕ್ಷರಗಳು ಸೀಲಿನ ಹಾಗೆ ತಿರುಗಿದ್ದವು; ಬಲದಿಂದ ಎಡಕ್ಕೆ ಓದುತ್ತಾ ಹೋದರು. ನಾನು ಬರೆದುಕೊಂಡೆ. ಒಂದು ಕಾಲು ಕಂಡರೆ ಸಾಕು, ಅದರ ಯಜಮಾನ ಯಾರೆಂದು ಹೇಳುತ್ತಿದ್ದರು. ಓರೆ ಗೀಟು ಎಷ್ಟು ಓರೆಯಾಗಿದೆ ಎಂಬುದರ ಮೇಲೆ ಏಳು ಯಾವುದು, ವೈ ಯಾವುದು ಎಂದು ವಿಂಗಡಿಸುತ್ತಿದ್ದರು. ನಾನು ಹದಿನೆಂಟು ವರ್ಷದಿಂದ ಇಂಥ ಕೀಗಳನ್ನು ಟೈಪ್ ಮಾಡಿದವನು, ಅವರು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದವರು.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಮೂರು ಸಿಕ್ಕಿದವು. ಎರಡು ಉಳಿದವು. ಒಂದು ಬರೀ ದುಂಡು ಕಲೆ. ಸೊನ್ನೆ ಇರಬೇಕು, ಇಲ್ಲವೇ ಓ ಇರಬೇಕು ಎಂದೆ. ಮಾವ ನಾನು ಬರೆದುಕೊಂಡಿದ್ದ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದರು. ಇದರಲ್ಲಿ ಇನ್ನೆಲ್ಲೂ ಸೊನ್ನೆ ಇಲ್ಲ, ಓ ಇಲ್ಲ. ಒಂದು ಎಂಬ ಅಂಕಿಯೂ ಇಲ್ಲ, ಐ ಕೂಡ ಇಲ್ಲ. ಐದೂ ಇಲ್ಲ, ಎಸ್ ಕೂಡ ಇಲ್ಲ ಎಂದರು. ಬೇರೆ ಕೀ ಇದ್ದರೆ ತೋರಿಸು ಎಂದರು. ಗಿರಾಕಿಗಳ ಕೀ ಬರೆದಿಡುವ ಹಳೆಯ ಡೈರಿ ನನ್ನಲ್ಲಿತ್ತು. ಈ ಒಂದು ಲ್ಯಾಪ್‌ಟಾಪಿನದು ಮಾತ್ರ ಅದರಲ್ಲಿ ಇರಲಿಲ್ಲ, ನನ್ನ ಹಣೆಬರಹ. ಡೈರಿ ತಂದೆ. ಆ ಹಳೆಯ ಸಿಸ್ಟಮ್ಮಿನ ನಲವತ್ತು ಕೀಗಳನ್ನು ಇಬ್ಬರೂ ಬೆರಳಿಟ್ಟು ನೋಡಿದೆವು. ಎಲ್ಲೂ ಒಂದು ಸೊನ್ನೆಯಿಲ್ಲ. ಒಂದು ಓ ಇಲ್ಲ. ಹದಿನೆಂಟು ವರ್ಷ ಕಣ್ಣೆದುರಿಗಿದ್ದದ್ದು ನನಗೆ ಕಂಡಿರಲಿಲ್ಲ.

ಮಾವ ಭೂತಗನ್ನಡಿ ತೆಗೆದಿಟ್ಟರು. "ಒಂದರ ಹಾಗೆ ಇನ್ನೊಂದು ಕಾಣೋದನ್ನೆಲ್ಲ ಆರಿಸಿ ಹೊರಗಿಟ್ಟಿದಾನೆ ನೋಡು. ಎಲ್ಲೋ ಕೂತ್ಕೊಂಡು ಯಾವನೋ ಒಬ್ಬ ನಮ್ಮಂಥೋರ ಮಂಜುಗಣ್ಣನ್ನ ನೆನೆಸಿಕೊಂಡಿದಾನೆ."

ಗುರುತಿಲ್ಲದ ಆ ಮನುಷ್ಯನಿಗೆ ಅವರು ಕೈ ಮುಗಿದದ್ದನ್ನು ನಾನು ಮರೆತಿಲ್ಲ.

ಸೊನ್ನೆಯೂ ಅಲ್ಲ, ಓ ಕೂಡ ಅಲ್ಲ ಎಂದಾದ ಮೇಲೆ ದುಂಡಗಿನ ಕಲೆಯ ಬಾಲ ಹುಡುಕಿದರು. ಸ್ಟಿಕ್ಕರಿನ ಮೇಲೆ ಇರುವೆಯ ಕಾಲಿನಷ್ಟು ಬಾಲ ಸಿಕ್ಕಿತು. ಕ್ಯೂ. ಕೊನೆಯದು ಬಿ ಅಥವಾ ಎಂಟು. ಅದು ಮಾತ್ರ ಅವರಿಗೂ ಬಗೆಹರಿಯಲಿಲ್ಲ. ಆ ಪುಣ್ಯಾತ್ಮ ಇದೊಂದನ್ನು ಮರೆತಿದ್ದಾನೆ, ಅವನೂ ಮನುಷ್ಯನೇ ತಾನೇ ಎಂದು ನಕ್ಕರು. ಎಂಟು ಹಾಕಿದೆ, ತಪ್ಪು ಎಂದಿತು. ಬಿ ಹಾಕಿದೆ. ಪರದೆ ಒಂದು ಕ್ಷಣ ಯೋಚಿಸಿ, ಮುಂದಕ್ಕೆ ಹೋಯಿತು.

ಸಿಸ್ಟಮ್ ತುಂಬಿ ಮುಗಿಯುವಾಗ ಎರಡೂವರೆ. ಇನ್ನು ತಯಾರಿಸಿದ ಕಂಪನಿಯ ಒಪ್ಪಿಗೆ ಪಡೆದು ಅದನ್ನು ಮತ್ತೆ ಸಕ್ರಿಯ ಮಾಡಬೇಕು. ಡಿಸ್ಕ್ ಬದಲಾಗಿದ್ದರಿಂದ ಇಂಟರ್ನೆಟ್ಟಿನಲ್ಲಿ ಒಪ್ಪಲಿಲ್ಲ, ಫೋನು ಮಾಡಿ ಎಂದಿತು. ಮಾಡಿದೆ. ಆ ಕಡೆಯ ಹೆಂಗಸು ಕೇಳಿದ ಮೊದಲ ಪ್ರಶ್ನೆಗೆ ನಾನು ಫೋನನ್ನು ಮಾವನ ಕೈಗೆ ಕೊಟ್ಟೆ. ಈ ಕೀಯನ್ನು ಎಷ್ಟು ಕಂಪ್ಯೂಟರಿನಲ್ಲಿ ಹಾಕಿದ್ದೀರಿ ಎಂಬುದು ಪ್ರಶ್ನೆ.

"ಒಂದೇ ತಾಯಿ," ಎಂದರು ಮಾವ, ಬೆನ್ನು ನೆಟ್ಟಗೆ ಮಾಡಿ. "ಮನೇಲಿ ಮಾತಾಡೋಳೂ ಒಬ್ಬಳೇ."

ಆಕೆ ನಕ್ಕು ಉದ್ದದ ಸಂಖ್ಯೆಯೊಂದನ್ನು ಹೇಳಿದರು. ನಾನು ಟೈಪ್ ಮಾಡಿದೆ, ಒಪ್ಪಿತು. ಸಿ.ಡಿ. ಹಾಕಿದೆ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಲ್ಯಾಪ್‌ಟಾಪ್ ಅತ್ತೆಯ ತೊಡೆಯ ಮೇಲಿತ್ತು.

ಅಕ್ಕನ ಸೊಸೆ ಫೋನನ್ನು ಅಕ್ಕನ ಕಿವಿಗೆ ಹಿಡಿದಳು. ಅತ್ತೆಯ ಬೆರಳುಗಳು ಓಡಿದವು. ಮೂಗಿನ ದನಿ ಕೋಣೆ ತುಂಬಿತು: "ಊಟ ಬಿಟ್ಟು ಕೂತಿದೀಯಂತೆ. ನಾನು ಬದುಕಿರೋದು ನಿನಗೆ ಇಷ್ಟವಿಲ್ಲದಿದ್ರೆ ನೇರವಾಗಿ ಹೇಳು ಅಕ್ಕಾ, ಉಪವಾಸ ಯಾಕೆ ಮಾಡ್ತೀಯ?"

ಮಾವ ಗೋಡೆ ಹಿಡಿದು ನಿಂತಿದ್ದರು. ಕೊನೆಗೆ ಆ ಕಡೆಯಿಂದ ಅಕ್ಕನ ಸಣ್ಣ ದನಿ ಬಂತು.

"ಇನ್ನೊಂದು ಸಲ ಬೈಯೇ."

ಅತ್ತೆ ಅರ್ಧ ಗಂಟೆ ಬೈದರು. ಮಧ್ಯದಲ್ಲಿ ಆ ಕಡೆಯಿಂದ ತಟ್ಟೆಯ ಸದ್ದು ಕೇಳಿಸಿತು. ನಾನು ಹೊರಗೆ ಬಂದು ಕಣ್ಣೊರೆಸಿಕೊಂಡೆ; ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮರುದಿನ ಬೆಳಗ್ಗೆ ಮಾವ ಲ್ಯಾಪ್‌ಟಾಪನ್ನು ತಮ್ಮ ಮೇಜಿನ ಮೇಲೆ ಮಗುಚಿಕೊಂಡು ಕೂತಿದ್ದರು. ಸ್ಟಿಕ್ಕರಿನ ಕೆಳಗೆ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ, ಇಪ್ಪತ್ತೈದನ್ನೂ ಚಾಕುವಿನಿಂದ ಕೊರೆಯುತ್ತಿದ್ದರು. ನಲವತ್ತೆರಡು ವರ್ಷದಲ್ಲಿ ನೇರ ಅಕ್ಷರ ಕೊರೆದದ್ದು ಅದೇ ಮೊದಲು. ಅಭ್ಯಾಸವಿಲ್ಲದ ಕೈ ಎರಡು ಕಡೆ ತಡವರಿಸಿ, ಕ್ಯೂ ಸ್ವಲ್ಪ ಸೊಟ್ಟಗಾಯಿತು. ಪುಡಿಯನ್ನು ಊದಿ, ಬೆರಳಿನಿಂದ ಆಳ ನೋಡಿ, ಮನೆಗೆ ಒಯ್ದು ಅತ್ತೆಯ ತೊಡೆಯ ಮೇಲಿಟ್ಟರು.

"ಇನ್ನು ಎಷ್ಟು ಬೇಕಾದ್ರೂ ಮಾತಾಡು," ಎಂದರು. "ಸವೆಯಲ್ಲ."