ಅವ್ವನನ್ನು ಮಣ್ಣಿನಿಂದ ತೆಗೆದ ವರ್ಷ

ನಮ್ಮವ್ವನಿಗೆ ತೊನ್ನಿತ್ತು. ಮೊದಲು ತುಟಿ, ಆಮೇಲೆ ಕೈ, ಕೊನೆಗೆ ಕುತ್ತಿಗೆಯೆಲ್ಲ ಬೆಳ್ಳಗಾಗಿತ್ತು. ಅದರಿಂದ ಅವಳಿಗೇನೂ ನೋವಿರಲಿಲ್ಲ, ನೋವೆಲ್ಲ ಊರಿಗೆ. ತೊನ್ನಿನವರನ್ನು ಹೂತರೆ ಮಳೆ ಮುನಿಯುತ್ತದೆ, ಸುಡಬೇಕು ಎಂಬುದು ದೇವದುರ್ಗದ ಕಡೆಯ ನಮ್ಮ ಹಳ್ಳಿಯ ನಂಬಿಕೆ. ಅವ್ವ ಸತ್ತಾಗ ಅಪ್ಪ ಯಾರ ಮಾತನ್ನೂ ಕೇಳಲಿಲ್ಲ. "ಬೆಂಕಿಗೆ ಹಾಕಾಕ ಅಕಿ ಏನ್ ಕಟ್ಟಿಗಿನಾ?" ಎಂದು ನಮ್ಮ ಪದ್ಧತಿಯಂತೆ ಕೆರೆಯ ಏರಿಯ ಕೆಳಗೆ ಹೂತ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮಳೆ ಕೈಕೊಟ್ಟಿತು. ಮೃಗಶಿರ, ಆರಿದ್ರ ಬರೀ ಗಾಳಿ ಬೀಸಿ ಹೋದವು. ಹಳ್ಳದ ದಂಡೆಯ ಹುಣಸೆ, ಬೇವುಗಳನ್ನು ಕಡಿದು ರಾಯಚೂರಿನ ಇಟ್ಟಿಗೆ ಭಟ್ಟಿಗಳಿಗೆ ಲಾರಿ ತುಂಬಿ ಕಳಿಸಿದವರು ನಮ್ಮೂರವರೇ. ದಂಡೆ ಕುಸಿಯಿತು, ಮಣ್ಣೆಲ್ಲ ಬಂದು ಕೆರೆಯಲ್ಲಿ ಕೂತಿತು, ಗೀಜಗಗಳು ಎಲ್ಲಿ ಹೋದವೋ. ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸತ್ತವಳ ಮೇಲೆ ಹೊರಿಸುವುದು ಸಲೀಸು, ಅವಳು ಎದ್ದುಬಂದು ಜಗಳ ಆಡುವುದಿಲ್ಲವಲ್ಲ.

ನಾನಾಗ ರಾಯಚೂರಿನಲ್ಲಿ ಶಿಕ್ಷಕಿಯ ತರಬೇತಿಯಲ್ಲಿದ್ದೆ. ರಜೆಗೆಂದು ಊರಲ್ಲಿ ಬಸ್ಸಿಳಿದಾಗ ಮಟಮಟ ಮಧ್ಯಾಹ್ನ. ಏರಿಯ ಕೆಳಗೆ ಜನವೋ ಜನ. ಓಡಿದೆ. ಗಂಡಸರು ಅವ್ವನ ಕುಣಿ ಅಗೆಯುತ್ತಿದ್ದರು. ಮುಂದೆ ನಿಂತು ಗುದ್ದಲಿ ಬೀಸುತ್ತಿದ್ದವನು ಅವ್ವನ ಸ್ವಂತ ತಮ್ಮ, ನನ್ನ ಸೋದರಮಾಮ. ಅಪ್ಪನನ್ನು ಇಬ್ಬರು ನೆಲಕ್ಕೆ ಒತ್ತಿ ಹಿಡಿದಿದ್ದರು. ಅವನ ಮೂಗಿನಿಂದ ರಕ್ತ ಇಳಿಯುತ್ತಿತ್ತು.

"ಮಾಮಾ, ಅಲ್ಲಿ ಇರಾಕಿ ನಿಮ್ಮಕ್ಕ!"

"ಗೊತ್ತದ ಬೇ. ರಕ್ತಸಂಬಂಧದವ್ರಾ ಮೊದಲ ಗುದ್ದಲಿ ಹಾಕಬೇಕು. ಊರು ಉಳಿಬೇಕಲ್ಲ? ಹಿಂದ ಸರಿ."

ಸರಿಯಲಿಲ್ಲ. ಕಲ್ಲೆತ್ತಿ ಅವನ ಹಣೆಗೆ ಬೀಸಿದೆ. ಹಣೆ ಒಡೆಯಿತು. ಯಾರೋ ನನ್ನ ಜಡೆ ಹಿಡಿದೆಳೆದು ಕೆಡವಿದರು, ಇನ್ನೊಬ್ಬ ಬೆನ್ನಿಗೆ ಒದ್ದ. ಬಿದ್ದಲ್ಲಿಂದಲೇ ಅವನ ಮೀನಖಂಡ ಕಚ್ಚಿದೆ. ಮಾಮ ಕಣ್ಣಿಗಿಳಿದ ರಕ್ತ ಒರೆಸಿಕೊಂಡು ಮತ್ತೆ ಅಗೆದ. ಅವ್ವನ ಹಸಿರು ಸೀರೆಯ ಸೆರಗು ಮೇಲೆ ಬಂತು. ಆಮೇಲಿನದನ್ನು ಬರೆಯಲಾರೆ. ಬತ್ತಿದ ಕೆರೆಯಂಗಳಕ್ಕೆ ಒಯ್ದು ಚಿಮಣಿ ಎಣ್ಣೆ ಸುರಿದು ಸುಟ್ಟರು.

ಮಳೆ ಬಂತೇ? ಮಣ್ಣು ಬಂತು!

ಮರುವರ್ಷ ಬಂದದ್ದು ಸರ್ಕಾರದ ಬರಗಾಲದ ಕೆಲಸ. ಕೆರೆಯ ಹೂಳು ತೆಗೆಯಬೇಕು. ಹೆಣ ತೆಗೆಯಲು ನಾ ಮುಂದು ತಾ ಮುಂದು ಎಂದಿದ್ದ ಗಂಡಸರು ಗುಳೆ ಹೋಗಿದ್ದರು, ಬುಟ್ಟಿ ಹೊತ್ತವರು ಹೆಚ್ಚಾಗಿ ಹೆಂಗಸರೇ. ಅಪ್ಪ ಒಬ್ಬನೇ ಹಳ್ಳದ ದಂಡೆಗುಂಟ ಬೇವು, ಹೊಂಗೆ ಊರಿದ. ಆಡು ಮೇಯಿಸುವವರೊಡನೆ ಬಡಿದಾಡಿ ಅವನ್ನು ಉಳಿಸಿದ. ಮುಂದೆ ಮಳೆಯಾದಾಗ ಕೆರೆ ನೀರು ಹಿಡಿಯಿತು. ಮಾಮ ಬಾಗಿಲಿಗೆ ಬಂದು, "ನೋಡಿದ್ರ್ಯಾ, ಅಕ್ಕನ್ನ ತೆಗದಿದ್ದಕ್ಕ ಮಳಿ ಆತು" ಎಂದ. ಅಪ್ಪ ಒನಕೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋದ.

ಎಂಬತ್ತರ ದಶಕದಲ್ಲಿ ನಾನು ಪೋತ್ನಾಳದ ಕಡೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಒಂದು ದಿನ ಮಾಮ ಬಸ್ಸು ಹಿಡಿದು ನನ್ನ ಮನೆಗೆ ಬಂದ. ಕಿವಿ ಮುಚ್ಚುವಂತೆ ಸುತ್ತಿದ್ದ ರುಮಾಲು ಬಿಚ್ಚಿದ. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ತೊನ್ನು.

"ನನಗ ಮಕ್ಕಳಿಲ್ಲ ಬೇ. ಸತ್ತ ಮ್ಯಾಲ ನನ್ನ ತೆಗಿತಾರ. ತೆಗಿಗೊಡಬ್ಯಾಡ."

"ತೆಗಿಲಿ! ನೀ ನಮ್ಮವ್ವನ್ನ ತೆಗಿಲಿಲ್ಲೇನು?" ಎಂದು ಅವನ ಮುಖಕ್ಕೇ ಬಾಗಿಲು ಹಾಕಿದೆ. ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಅವನು ಸತ್ತ. ರುಮಾಲಿನಡಿಯ ತೊನ್ನು ಗೊತ್ತಿಲ್ಲದೆ ಏರಿಯ ಕೆಳಗೇ ಹೂತರು. ಆ ವರ್ಷವೂ ಮಳೆ ಹೋಯಿತು. ತೊನ್ನಿನ ಸುದ್ದಿ ಹೇಗೋ ಹೊರಬಿದ್ದು ಊರವರು ಮತ್ತೆ ಕುಣಿ ಅಗೆಯಲು ಹೊರಟಿದ್ದಾರೆಂದು ಅಪ್ಪ ಹೇಳಿ ಕಳಿಸಿದ. ಹೋಗಬಾರದು ಎಂದುಕೊಳ್ಳುತ್ತಲೇ ಬಸ್ಸು ಹತ್ತಿದೆ. ಅವರು ಬರುವ ಮೊದಲೇ ಹೋಗಿ ಅವನ ಮಣ್ಣಿನ ಮೇಲೆ ಕಾಲು ಮಡಚಿ ಕೂತೆ.

"ಏಳ ಬೇ. ಅವನ ಹಣಿ ಒಡೆದಾಕಿ ನೀನಾ ಅಲ್ಲೇನು?" ಎಂದ ಗುಂಪಿನ ಹಿರಿಯ.

"ಹೂಂ, ಒಡದೀನಿ. ಇನ್ನೊಂದು ಒಡಿಯಾಕ ಕೈ ಗಟ್ಟಿ ಅದಾವ. ಅವ್ವನ್ನ ಸುಟ್ರಿ, ಮಳಿ ಬಂತಾ? ಹೂಳು ತಗದ ಮ್ಯಾಲ ನೀರು ನಿಂತ್ವು. ಈ ವರ್ಷ ಮಳಿ ಇಲ್ಲ, ಖರೆ. ಆದ್ರೂ ಈ ಬಾವ್ಯಾಗ ನೀರು ಅದಾವೋ ಇಲ್ಲೋ?"

ಏರಿಯ ಕೆಳಗಿನ ಆ ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸರು ಕೊಡ ಇಳಿಸಿ ಬಂದರು. ಹೂಳು ಹೊತ್ತವರು ಅವರೇ. "ಮೈಯಾಗ ಕಸುವಿದ್ರ ಕೆರಿ ಅಗೀರಿ, ಹೆಣ ಏನ್ ಅಗಿತೀರಿ!" ಎಂದು ಒಬ್ಬಾಕೆ ಗಂಡನ ಗುದ್ದಲಿ ಕಸಿದಳು. ಅವನು ಕೆನ್ನೆಗೆ ಬಾರಿಸಿದ. ಅವಳು ಗುದ್ದಲಿಯ ಕಾವಿನಿಂದ ಅವನ ಮೊಣಕಾಲಿಗೇ ಕೊಟ್ಟಳು. ಗಂಡಸರು ನಮ್ಮ ಏಳು ತಲೆಮಾರನ್ನು ಬೈಯುತ್ತ ಹೋದರು.

ಅಪ್ಪ ಬಂದು ಪಕ್ಕದಲ್ಲಿ ಕೂತ.

"ಇವನ ಸಲುವಾಗಿ ಯಾಕ ಕುಂತಿ ಯವ್ವಾ?"

"ಇವನ ಸಲುವಾಗಿ ಅಲ್ಲಪ್ಪಾ. ಅವತ್ತು ಅವ್ವನ ಮ್ಯಾಲ ಹಿಂಗ ಕುಂದ್ರಾಕ ಬಿಡಲಿಲ್ಲಲ್ಲ ಅವ್ರು" ಎಂದೆ. ಅಷ್ಟು ವರ್ಷ ಬಾರದ ಅಳು ಆಗ ಬಂತು.